ಕೇಳುವವನ ಋಣ

ಸಂಗೀತವನ್ನು ಕೇಳುವುದು ಕೇವಲ ಸುಖವೋ, ಅಥವಾ ಅದರಿಂದ ಕೇಳುವವನ ಮೇಲೆ ಋಣವೊಂದು ಬೀಳುವುದೋ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಡಿಸೆಂಬರ್ ತಿಂಗಳಿನ ಚೆನ್ನೈಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

1927ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನದೊಡನೆ ಜರುಗಿದ ಸಂಗೀತ ಸಮ್ಮೇಳನದ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಸ್ಥಾಪಿತವಾಯಿತು. ಮುಂದೆ ಅಲ್ಲಿಯ ಉತ್ಸವವು ನಗರದ ಹತ್ತಾರು ಸಭೆಗಳಿಗೆ ಹರಡಿತು. 2017ರಲ್ಲಿ ಯುನೆಸ್ಕೋ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ಸಭೆಗಳ ಕ್ಯಾಂಟೀನುಗಳ ಕೀರ್ತಿಯೂ ಗಾಯಕರ ಕೀರ್ತಿಗೆ ಕಡಿಮೆಯದಲ್ಲ. ಬಾಳೆಯೆಲೆಯ ಊಟಕ್ಕೆಂದೇ, ಪೊಂಗಲ್ ಕಾಫಿಗಳಿಗೆಂದೇ ಬರುವವರುಂಟು. ಅದರಲ್ಲಿ ದೋಷವಿಲ್ಲ. ನಾಲಗೆಯ ರುಚಿಯನ್ನು ಹಳಿದು ಕಿವಿಯ ರುಚಿಯನ್ನು ಹೊಗಳುವುದು ವಿವೇಕವಲ್ಲ.

ಆದರೆ ತನಿ ಆವರ್ತನದ ಸಮಯವನ್ನು ನೋಡಬೇಕು. ಕಚೇರಿಯ ಪ್ರಧಾನ ಭಾಗದಲ್ಲಿ ಗಾಯಕರು ಮೌನ ತಾಳಿ ಮೃದಂಗದವರಿಗೆ ಅವಕಾಶ ಬಿಟ್ಟುಕೊಡುತ್ತಾರೆ. ಅದುವರೆಗೆ ಅನ್ಯರ ಹಾಡಿಗೆ ನೆರಳಾಗಿ ನಡೆದ ವಾದಕನು ತನ್ನ ಮಾತನ್ನು ತಾನೇ ಆಡುವ ಹೊತ್ತು ಅದೊಂದೇ. ಸಭಿಕರಲ್ಲಿ ಅನೇಕರು ಎದ್ದು ಕ್ಯಾಂಟೀನಿನ ಕಡೆಗೆ ನಡೆಯುವುದೂ ಆ ಹೊತ್ತಿನಲ್ಲಿಯೇ!

"ಟಿಕೇಟಿಗೆ ಹಣ ತೆತ್ತಿದ್ದೇವೆ; ಕೂರುವುದೂ ಏಳುವುದೂ ನಮ್ಮ ಇಚ್ಛೆ" ಎಂದು ಹೇಳಬಹುದು. ಹಣವು ಕುರ್ಚಿಗೆ ಸಂದಿತು. ಹಲವು ವರ್ಷಗಳ ಸಾಧನೆಗೆ ಸಲ್ಲಬೇಕಾದ ಗಮನವು ಹಾಗೆಯೇ ಬಾಕಿ ಉಳಿಯಿತು. ಮಗು ಪದ್ಯವನ್ನು ಒಪ್ಪಿಸುತ್ತಿರುವಾಗ ಉಪಾಧ್ಯಾಯನು ಹಾಜರಿ ಪುಸ್ತಕವನ್ನು ತಿರುವುತ್ತಿದ್ದರೆ ಮಗುವಿನ ದನಿ ತಾನಾಗಿಯೇ ಉಡುಗುತ್ತದೆ. ಹಸಿದವನು ಏಳಬಾರದೆಂದಲ್ಲ. ಹಸಿವಿಗೆ ಬೇರೆ ಹೊತ್ತುಗಳಿವೆ, ಮೃದಂಗಕ್ಕೆ ಇಲ್ಲ.

ತನಿಯ ಬಳಿಕ ಬರುವ ಕಿರುಕೃತಿಗಳಲ್ಲಿ ಅನೇಕ ವೇಳೆ ಪುರಂದರದಾಸರ ದೇವರನಾಮವೂ ಇರುತ್ತದೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಪರಭಾಷೆಯ ನಗರದಲ್ಲಿ ನಮ್ಮ ನುಡಿ ಕಿವಿಗೆ ಬಿದ್ದಾಗ ಮೈ ಪುಲಕಗೊಳ್ಳುವುದು ಸಹಜ. ಆದರೆ ಅದೊಂದಕ್ಕಾಗಿಯೇ ಕಾದು ಕುಳಿತು, ನುಡಿಯಿಲ್ಲದ ಮೃದಂಗವನ್ನು ವಿರಾಮವೆಂದು ಎಣಿಸುವುದಾದರೆ, ನಾವು ಸವಿದುದು ಸಂಗೀತವನ್ನಲ್ಲ, ನಮ್ಮನ್ನೇ. ನಮ್ಮ ಮಾತಿಗೆ ಕಿವಿಗೊಡುವವರಿಲ್ಲವೆಂದು ಅರ್ಜಿ ಹಿಡಿದು ಅಲೆಯುವವರು ನಾವು. ಕೇಳುವವರಿಲ್ಲದವನ ನೋವು ಎಂಥದೆಂಬುದನ್ನು ನಮಗೆ ಬೇರೆಯವರು ತಿಳಿಸಬೇಕಾದುದಿಲ್ಲ.

ತನ್ನ ದನಿಯನ್ನು ಲೋಕ ಕೇಳಬೇಕೆನ್ನುವವನು ಪರರ ದನಿಯನ್ನು ಕಡೆಯವರೆಗೆ ಕೇಳಲು ಕಲಿಯಬೇಕು. ಅತಿಥಿಯಾಗಿ ಹೋದವನಿಗಂತೂ ಇದು ಮೊದಲನೆಯ ಧರ್ಮ. ಕಾಫಿಯು ಕಾಲುಗಂಟೆ ಕಾದೀತು.