ಹೋಲಿಕೆಯ ತಕ್ಕಡಿ

ಶಾಸನಸಭೆಯ ಚರ್ಚೆಗಳನ್ನು ಓದುವುದು ನನಗೊಂದು ಹವ್ಯಾಸ. ಮನೆಯವರು ಅದನ್ನು ಚಟವೆನ್ನುತ್ತಾರೆ. ಅಲ್ಲಿ ತರ್ಕಕ್ಕಿಂತ ಹೋಲಿಕೆಯೇ ಹೆಚ್ಚು ದುಡಿಯುವುದನ್ನು ಕಂಡಿದ್ದೇನೆ. ‘ಅವರಿಗೆ ಕೊಟ್ಟಿರಿ, ನಮಗೇಕಿಲ್ಲ?’ ಎಂದೊಬ್ಬರು ಕೇಳಿದರೆ ಸಾಕು, ಸಭೆ ಅರ್ಧ ಗೆದ್ದಂತೆಯೇ.

ಚಿಕ್ಕೋಡಿ ಜಿಲ್ಲೆಯ ಪ್ರಶ್ನೆಯನ್ನೇ ನೋಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಿಂದ ಬಹುಕಾಲದಿಂದ ಕೇಳಿಬಂದ ಬೇಡಿಕೆ ಅದು. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.8 ಲಕ್ಷ, ಕೊಡಗಿನದು 5.5 ಲಕ್ಷ. ಅಲ್ಲಿಗೂ ಒಬ್ಬನೇ ಜಿಲ್ಲಾಧಿಕಾರಿ, ಇಲ್ಲಿಗೂ ಒಬ್ಬನೇ! ಕೇಳಿದೊಡನೆ ತಲೆದೂಗಬೇಕೆನಿಸುತ್ತದೆ. ಆದರೆ ಕೊಡಗು ಜಿಲ್ಲೆಯಾದದ್ದು ತಲೆಯೆಣಿಕೆಯಿಂದಲ್ಲ. 1956ರವರೆಗೆ ಅದೇ ಒಂದು ಪ್ರತ್ಯೇಕ ರಾಜ್ಯವಾಗಿದ್ದುದರಿಂದ. ತೂಕದ ಕಲ್ಲೇನೋ ದೊಡ್ಡದೇ, ಆದರೆ ಬೇರೆ ಸಂತೆಯದು.

ನಮ್ಮ ನೈಯಾಯಿಕರು ಉಪಮಾನವನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು, ವೈಶೇಷಿಕರು ಒಪ್ಪಲಿಲ್ಲ. ‘ಗವಯವು ಹಸುವಿನಂತಿರುತ್ತದೆ’ ಎಂದು ಕೇಳಿ ತಿಳಿದವನು ಕಾಡಿನಲ್ಲಿ ಆ ಪ್ರಾಣಿಯನ್ನು ಕಂಡಾಗ ಗುರುತಿಸುತ್ತಾನೆ. ಅಷ್ಟೇ. ಹಸುವಿನಂತಿದೆಯೆಂದು ಚೆಂಬು ಹಿಡಿದು ಹಾಲು ಕರೆಯಲು ಕೂತರೆ ಒದೆ ತಿನ್ನಬೇಕಾದೀತು.

ಚಿಕ್ಕೋಡಿಯವರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಪಕ್ಕದಲ್ಲೇ ಇದೆ. 1997ರಲ್ಲಿ ಧಾರವಾಡವನ್ನು ಒಡೆದು ಗದಗ, ಹಾವೇರಿ ಜಿಲ್ಲೆಗಳನ್ನು ಮಾಡಿದರು. ಅದೇ ಮುಂಬಯಿ ಕರ್ನಾಟಕ. ಊರು ದೂರ, ಆಡಳಿತದ ಹೊರೆ ಭಾರ ಎಂಬ ಅದೇ ಕಾರಣ. ಅದೇ ವರ್ಷ ಚಿಕ್ಕೋಡಿ, ಗೋಕಾಕ ಜಿಲ್ಲೆಗಳೂ ಘೋಷಣೆಯಾದವು. ವಿರೋಧ ಬಂದಿತು, ಘೋಷಣೆ ಹಿಂದಕ್ಕೆ ಹೋಯಿತು.

ಆ ವಿರೋಧದ ಬೆನ್ನಿಗೆ ನಿಂತದ್ದು ಇನ್ನೊಂದು ಹೋಲಿಕೆ: ದಾವೆಯಲ್ಲಿರುವ ಹೊಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬಾರದು. ಗಡಿಯ ವ್ಯಾಜ್ಯ ಸುಳ್ಳಲ್ಲ. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ನಮ್ಮಲ್ಲೇ ಉಳಿಯಲೆಂದೂ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲೆಂದೂ ಹೇಳಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಆದರೂ ಈ ಉಪಮೆಯನ್ನು ನಾನು ಅನುಮಾನದಿಂದ ನೋಡುತ್ತೇನೆ. ಒಳಗಿನವರು ಬದು ಹಾಕಿಕೊಂಡ ಮಾತ್ರಕ್ಕೆ ಹೊಲದ ಹೊರಗಿನ ಎಲ್ಲೆ ಸರಿಯುವುದಿಲ್ಲ. ಅದರ ಹಿಂದಿರುವ ನಿಜವಾದ ಭಯ ಬೇರೆ: ಕನ್ನಡ ತಾಲೂಕುಗಳು ಹೊರಬಿದ್ದರೆ ಉಳಿದ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಮಾತಾಡುವವರ ಪ್ರಮಾಣ ಏರುತ್ತದೆ ಎಂಬುದು. ಅದು ಎಣಿಸಬಹುದಾದ ಸಂಗತಿ. ತಾಲೂಕುವಾರು ಎಣಿಸಿ ಸದನದ ಮುಂದಿಟ್ಟರೆ ಭಯ ಎಷ್ಟು ದೊಡ್ಡದೆಂದು ಎಲ್ಲರಿಗೂ ತಿಳಿದೀತು. ಹೊಲದ ಉಪಮೆ ಆ ಎಣಿಕೆಯ ತೊಂದರೆಯನ್ನು ತಪ್ಪಿಸುತ್ತದೆ. ಬಾಯಿಗೆ ರುಚಿಯಾಗಿಯೂ ಇರುತ್ತದೆ.

ಜಿಲ್ಲೆ ಬೇಕೆನ್ನುವವರೂ ಇದೇ ಸುಖಕ್ಕೆ ಒಗ್ಗಿದವರೇ. ಬೆಳಗಾವಿ ದೂರವೆನ್ನುವಾಗ ಅವರು ಅಥಣಿಯ ರೈತನನ್ನು ಮುಂದಿಡುತ್ತಾರೆ. ಅವನಿಗೆ ಬೆಳಗಾವಿ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಸರಿಯೇ. ಆದರೆ ಚಿಕ್ಕೋಡಿಯೂ ಅವನಿಗೆ ನೆರೆಯೂರಲ್ಲ. ಅಥಣಿಯಿಂದಾಚೆ ತೆಲಸಂಗದವನು ಜಿಲ್ಲಾ ಕಚೇರಿಗೆಂದು ಹೊರಟರೆ, ಅದು ಬೆಳಗಾವಿಯಲ್ಲಿರಲಿ ಚಿಕ್ಕೋಡಿಯಲ್ಲಿರಲಿ, ಬೆಳಿಗ್ಗೆ ಎದ್ದು ಕೃಷ್ಣೆಯನ್ನು ದಾಟಲೇಬೇಕು.