ದುರ್ಬೋಧನೆಗೆ ಸೆರೆಮನೆ ಮದ್ದೋ?

ಮಾರ್ಮನರ ಬೋಧನೆಯನ್ನು ನಾವು ಒಪ್ಪುವವರಲ್ಲ. ಸತ್ಯವೇದದ ಪಕ್ಕದಲ್ಲಿ ಬೇರೊಂದು ಗ್ರಂಥವನ್ನಿಡುವದು ನಮಗೆ ಸಲ್ಲದು. ಆದರೆ ಒಪ್ಪದವರನ್ನು ಹಿಂಸಿಸುವದು ಸಲ್ಲುವದೋ? 1838ರಲ್ಲಿ ಅಮೇರಿಕದ ಮಿಸೂರಿ ಸಂಸ್ಥಾನದ ಗವರ್ನರನಾದ ಬಾಗ್ಸನು, ಇವರು ಸಂಸ್ಥಾನವನ್ನು ಬಿಟ್ಟುಹೋಗಬೇಕು, ಇಲ್ಲವೆ ನಿರ್ಮೂಲವಾಗಬೇಕೆಂದು ಅಪ್ಪಣೆಕೊಟ್ಟನು. ಮೂರು ದಿನಗಳ ಮೇಲೆ ಹಾನ್ಸ್ ಮಿಲ್ ಎಂಬಲ್ಲಿ ದಂಡಾಳುಗಳ ಗುಂಡಿಗೆ 17 ಮಂದಿ ಹತರಾದರು. ಅವರಲ್ಲಿ 10 ವರುಷದ ಬಾಲಕನೂ ಒಬ್ಬನು. ಮಾರ್ಮನರೂ ನೆರೆಯವರ ಮನೆಗಳನ್ನು ಸುಟ್ಟದ್ದುಂಟು, ಅದನ್ನು ಮರೆಮಾಡೆವು. ಅವರ ಗುರುವಾದ ಜೋಸೆಫ್ ಸ್ಮಿತನನ್ನು ಗುಂಡಿಕ್ಕಿ ಕೊಲ್ಲಬೇಕೆಂದು ಆಜ್ಞೆ ಬರಲು, ದಳಪತಿ ಡಾನಿಫನನು, ತಾನು ಮಾರ್ಮನನಲ್ಲದಿದ್ದರೂ, ಇದು ಕೊಲೆಯೇ ಸರಿ, ಮಾಡಲಾರೆನೆಂದನು. ಇಂಥವನೊಬ್ಬನಾದರೂ ಆ ದಂಡಿನಲ್ಲಿದ್ದನಲ್ಲಾ! ಬಳಿಕ ಸ್ಮಿತನನ್ನು ಲಿಬರ್ಟಿ, ಅಂದರೆ ಸ್ವಾತಂತ್ರ್ಯ, ಎಂಬ ಊರಿನ ಸೆರೆಮನೆಯಲ್ಲಿ 4 ತಿಂಗಳು ಇಟ್ಟರು. ಆ ಬೀಗದಿಂದ ಅವನ ಮತವು ಅಡಗಿತೋ? ಅಲ್ಲಿಂದ ಅವನು ಬರೆಯಿಸಿದ ಕಾಗದದ ಭಾಗಗಳನ್ನೇ ಅವರು ಇಂದು ಶಾಸ್ತ್ರವೆಂದು ಓದುತ್ತಾರೆ.