ಕಾಯಕ, ದಾಸೋಹ, ಸಹಕಾರ



ಕಾಯಕವೆಂದರೆ ದುಡಿಮೆ, ದಾಸೋಹವೆಂದರೆ ಅನ್ನದಾನ ಎಂದು ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅರ್ಥವು ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಯಕವು ಸಂಪತ್ತನ್ನು ಹುಟ್ಟಿಸುವ ಮಾರ್ಗ. ದಾಸೋಹವು ಹುಟ್ಟಿದ ಸಂಪತ್ತು ಒಂದೆಡೆ ನಿಂತು ಕೊಳೆಯದಂತೆ ಅದನ್ನು ಹರಿಯಗೊಡುವ ಮಾರ್ಗ. ಕಾಯಕವೊಂದೇ ಇದ್ದರೆ ದುಡಿದವನು ಸಿರಿವಂತನಾದಾನು, ಊರು ಬಡವಾಗಿಯೇ ಉಳಿದೀತು. ದಾಸೋಹವೊಂದೇ ಇದ್ದರೆ ಕಣಜವು ಬರಿದಾದೀತು. ಇವೆರಡೂ ಕೂಡಿದಲ್ಲಿ ಮಾತ್ರ ಒಂದು ಸೀಮೆಯ ಬಾಳ್ವೆಯು ಬಹುಕಾಲ ನಿಲ್ಲಬಲ್ಲುದು. ಶರಣರ ಈ ತತ್ತ್ವವು ಶರಣರ ಹೆಸರನ್ನು ಹೆಚ್ಚಾಗಿ ಕೇಳದ ಮನೆಗಳಲ್ಲಿಯೂ ಫಲಿಸುವುದೆಂಬುದಕ್ಕೆ ಕರಾವಳಿಯ ಒಂದು ಊರನ್ನು ನೋಡೋಣ.

ಕುಂದಾಪುರದ ಸೀಮೆಯ ಹಾಲಾಡಿಯು ಘಟ್ಟಕ್ಕೂ ಕಡಲಿಗೂ ನಡುವಿನ ಊರು. ಘಟ್ಟದಿಂದಿಳಿದ ವಾರಾಹಿಯೇ ಇಲ್ಲಿ ಹಾಲಾಡಿ ಹೊಳೆಯೆನಿಸಿಕೊಳ್ಳುತ್ತದೆ. ಭತ್ತ, ಅಡಕೆ, ತೆಂಗುಗಳ ನೆಲವಿದು. ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿದ ಕೇರಿಗಳು ಇಲ್ಲಿಲ್ಲ. ಒಂದೊಂದು ಮನೆಯೂ ತನ್ನ ಗದ್ದೆ ತೋಟಗಳ ನಡುವೆ ದೂರದೂರವಾಗಿದೆ. ಆದರೂ ಒಂದು ಮನೆಯವರು ಹರಕೆಯ ಯಕ್ಷಗಾನ ಆಡಿಸಿದರೆ ಊರೆಲ್ಲ ಬಂದು ಬೆಳಗಾಗುವ ತನಕ ಕುಳಿತು ನೋಡುವ ಸಂಪ್ರದಾಯ ಈ ಸೀಮೆಯದು. ಖರ್ಚು ಒಬ್ಬನದು, ಸಂತೋಷ ಎಲ್ಲರದು. ದಾಸೋಹದ ಬೀಜವು ಇಲ್ಲಿಯೇ ಇದೆ.

ಆದರೆ ಆಟಕ್ಕೆ ಕೂಡುವ ಜನ ಅಡಕೆ ಮಾರುವಾಗ ಕೂಡುವುದುಂಟೆ? ಒಬ್ಬೊಬ್ಬನೇ ಹೋದ ಬೆಳೆಗಾರನು ವ್ಯಾಪಾರಿ ಹೇಳಿದ ಬೆಲೆಗೆ ತಲೆದೂಗಬೇಕು. ಆ ಬೆಲೆಯಲ್ಲಿ ಮನೆ ನಡೆಯದಾಗ ಮಗನು ಬೆಂಗಳೂರಿಗೋ ಮುಂಬಯಿಯ ಹೋಟೆಲಿಗೋ ಹೊರಡುತ್ತಾನೆ. ಗದ್ದೆ ಬೀಳುಬೀಳುತ್ತದೆ, ಮುದುಕರು ಮನೆ ಕಾಯುತ್ತಾರೆ. ಹಣವು ಹೊರಗೆ ಹೋದುದಕ್ಕಿಂತ ಕೈಗಳು ಹೊರಗೆ ಹೋದುದು ದೊಡ್ಡ ನಷ್ಟ.

ಈ ವ್ಯಾಧಿಗೆ ಮದ್ದನ್ನು ಅರಸಿದವರು ಈ ಕರಾವಳಿಯಲ್ಲಿಯೇ ಇದ್ದರು. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ವಕೀಲರಾಗಿದ್ದು, 1909ರಲ್ಲಿ ಅಲ್ಲಿ ಸಹಕಾರಿ ಸಂಘವನ್ನು ಕಟ್ಟಿದರು. 1914ರಲ್ಲಿ ಅವರ ಪ್ರಯತ್ನದಿಂದಲೇ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿತು. ಅದು ಮುಂದೆ ಮಂಗಳೂರಿಗೆ ಬಂದು ಬೆಳೆಯಿತು. ಅವರನ್ನು ಜಿಲ್ಲೆಯ ಸಹಕಾರಿ ಪಿತಾಮಹರೆಂದು ಜನ ಕರೆಯುವುದು ಯುಕ್ತವೇ ಆಗಿದೆ. ಇದಕ್ಕೂ ಮೊದಲು, ಸಹಕಾರಿ ಕಾಯಿದೆ ಬಂದ ಮರುವರ್ಷ 1905ರಲ್ಲಿ, ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಸಂಘವನ್ನು ಸ್ಥಾಪಿಸಿದ್ದರು. ಬಯಲುಸೀಮೆಯ ಗೌಡರಿಗೂ ಕರಾವಳಿಯ ವಕೀಲರಿಗೂ ಹೊಳೆದುದು ಒಂದೇ ಸತ್ಯ: ಬಡವರ ಬಳಿ ಹಣವಿಲ್ಲದಿರಬಹುದು, ವಿಶ್ವಾಸವಿರುತ್ತದೆ; ಹತ್ತು ಜನರ ವಿಶ್ವಾಸವನ್ನು ಕೂಡಿಸಿದರೆ ಅದೇ ಮೂಲಧನ.

ಪರದೇಶದಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ ದುಡಿಮೆಗಾರರು ತಲೆಗೊಂದು ಪೌಂಡು ಕೂಡಿಸಿ, ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿಯನ್ನು ತೆರೆದರು. ಅವರಲ್ಲಿ ಹಲವರು ನೇಕಾರರು, ನಮ್ಮ ಜೇಡರ ದಾಸಿಮಯ್ಯನ ಕಾಯಕದವರು. ಎಷ್ಟೇ ಪಾಲಿದ್ದರೂ ಒಬ್ಬನಿಗೆ ಒಂದೇ ಮತವೆಂಬುದು ಅವರ ನಿಯಮ. ಅನುಭವಮಂಟಪದಲ್ಲಿ ಮಂತ್ರಿಯೂ ಅಂಬಿಗನೂ ಸಮನಾಗಿ ಕುಳಿತುದನ್ನು ಬಲ್ಲ ನಮಗೆ ಈ ನಿಯಮವು ಹೊಸದಾಗಿ ಕಾಣದು.

ಕೂಡಿದ ಕೈಗಳು ಹೊಸ ಕಾಯಕವನ್ನೂ ಸೃಷ್ಟಿಸುತ್ತವೆ. ಅಡಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿತು. ಬಳಿಕ ಕೊಕ್ಕೋ ಬೀಜಕ್ಕೂ ಕೊಳ್ಳುವವರಿಲ್ಲದ ಕಾಲ ಬಂದಿತು. ಸಂಸ್ಥೆಯು ಬೀಜವನ್ನು ತಾನೇ ಕೊಂಡಿತು; ಕೊಂಡು ಸುಮ್ಮನಾಗದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಬೆಳೆದ ವಸ್ತುವನ್ನು ಹಸಿಯಾಗಿ ಮಾರಿದರೆ ಅದನ್ನು ಹದಮಾಡುವ ಲಾಭ ಬೇರೆಯವರಿಗೆ. ಊರಿನಲ್ಲೇ ಹದಮಾಡಿದರೆ ಲಾಭವೂ ಕೆಲಸವೂ ಊರಿಗೆ.

ಹಾಗಾದರೆ ಸಂಘವೊಂದಿದ್ದರೆ ಎಲ್ಲವೂ ಸರಿಹೋಗುವುದೆ? ಇಲ್ಲ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಪತಿ ಮಾರಯ್ಯನು ಪ್ರತಿದಿನವೂ ಬಸವಣ್ಣನವರ ಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬೇಕಾದುದಕ್ಕಿಂತ ಮಿಗಿಲಾಗಿ ಮನೆಗೆ ಬಂದುದು ಬೇರೊಬ್ಬರ ಪಾಲೆಂಬುದು ಆಕೆಯ ಲೆಕ್ಕ.

ಈ ಲೆಕ್ಕವನ್ನು ಸಹಕಾರಿ ಸಂಘದ ಪುಸ್ತಕದಲ್ಲಿಟ್ಟು ನೋಡಿರಿ. ಶಕ್ತಿಯಿದ್ದೂ ಸಾಲವನ್ನು ತೀರಿಸದವನು ಸಂಘಕ್ಕೆ ಮೋಸ ಮಾಡಿದೆನೆಂದುಕೊಳ್ಳುವುದಿಲ್ಲ, ಸರಕಾರದ ಹಣವೆಂದುಕೊಳ್ಳುತ್ತಾನೆ. ಅದು ನೆರೆಮನೆಯ ವಿಧವೆಯು ಮಗಳ ಮದುವೆಗೆಂದು ಇಟ್ಟ ಠೇವಣಿ. ತನ್ನವರಿಗೇ ಸಾಲ ಕೊಡಿಸುವ ನಿರ್ದೇಶಕನೂ, ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಸಂಘವನ್ನು ಬಿಟ್ಟು ಹೊರಗೆ ಮಾರುವ ಸದಸ್ಯನೂ ಅದೇ ಮಡಕೆಗೆ ತೂತು ಕೊರೆಯುವವರು. ಸಂಘಗಳು ಮುಳುಗುವುದು ಬಂಡವಾಳ ಸಾಲದೆ ಮಾತ್ರವಲ್ಲ. ಲಕ್ಕಮ್ಮನಂತೆ ಬಾಗಿಲಲ್ಲಿ ನಿಂತು ಕೇಳುವವರಿಲ್ಲದೆ.

ಆದುದರಿಂದ ಬಂಧುಗಳೇ, ನಿಮ್ಮ ಊರು ಹಾಲಾಡಿಯಾಗಲಿ ಹಾವೇರಿಯಾಗಲಿ, ಮೂರು ವ್ರತಗಳನ್ನು ಹಿಡಿಯಿರಿ. ಪಡೆದ ಸಾಲವನ್ನು ಗಡುವಿಗೆ ಮುನ್ನ ಸಲ್ಲಿಸಿರಿ. ನಿಮ್ಮ ಬೆಳೆಯಲ್ಲಿ ಒಂದು ಪಾಲನ್ನಾದರೂ ಸಂಘದ ಮೂಲಕವೇ ಮಾರಿರಿ. ವಾರ್ಷಿಕ ಸಭೆಗೆ ಊಟಕ್ಕಾಗಿ ಹೋಗದೆ ಲೆಕ್ಕ ಕೇಳುವುದಕ್ಕಾಗಿ ಹೋಗಿರಿ. ಮನೆಯ ಹೆಣ್ಣುಮಕ್ಕಳನ್ನೂ ಸದಸ್ಯರನ್ನಾಗಿ ಮಾಡಿ ಜೊತೆಗೆ ಕರೆದೊಯ್ಯಿರಿ, ಹೆಚ್ಚಾದ ಅಕ್ಕಿಯನ್ನು ಮೊದಲು ಕಂಡವಳು ಹೆಣ್ಣುಮಗಳೇ ಅಲ್ಲವೆ? ಪೂಜೆಯ ಬಳಿಕ ಕೈಮುಗಿದು ಲೋಕಕ್ಕೆ ಒಳಿತಾಗಲೆಂದು ಬೇಡುವವರು, ಆ ಲೋಕವು ನೆರೆಮನೆಯಿಂದಲೇ ಆರಂಭವಾಗುವುದೆಂಬುದನ್ನು ಮರೆಯದಿರಲಿ.